ಡಿಕ್ಕಿಯಲ್ಲಿ ಎಷ್ಟು ಜಾಗ ಬಿಡಬೇಕು

ಮುಚ್ಚಿದ ಪೆಟ್ಟಿಗೆಯೋ ತೂತಿನ ಪೆಟ್ಟಿಗೆಯೋ ಎಂದು ಅವನು ಹನ್ನೊಂದು ದಿನಗಳಿಂದ ತಲೆ ಕೆಡಿಸಿಕೊಂಡಿದ್ದ. ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಮೇಣದ ದವಡೆಯ ಮೇಲೆ ಒಂದೊಂದೇ ಹಲ್ಲನ್ನು ಕೂರಿಸುತ್ತ, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿರುವಾಗ, ಮನಸ್ಸಿನಲ್ಲಿ ಅವನು ಕಾರಿನ ಡಿಕ್ಕಿಯ ಉದ್ದಗಲ ಅಳೆಯುತ್ತಿದ್ದ. ಅರ್ಧ ಮಿಲಿಮೀಟರಿನ ತಪ್ಪಿಗೂ ಇಡೀ ಸೆಟ್ಟನ್ನು ಒಡೆದು ಮತ್ತೆ ಮೊದಲಿನಿಂದ ಶುರು ಮಾಡುವವನು ಎಂದು ಲ್ಯಾಬಿನವರು ಅವನಿಗೆ ‘ಅರ್ಧ ಮಿಲಿ’ ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದಿನ ಹೆಸರು ಅದು, ಆದರೂ ಅವನಿಗೆ ಗೊತ್ತಿತ್ತು, ಗೊತ್ತಿದ್ದು ಒಳಗೊಳಗೇ ಖುಷಿಯೂ ಇತ್ತು. ಇಡೀ ದಿನ ಗ್ರೈಂಡರಿನ ಕೀರಲು ದನಿ ಕಿವಿಯ ಪಕ್ಕದಲ್ಲೇ ಇರುತ್ತಿತ್ತು. ಅದಕ್ಕೇ ಇರಬೇಕು, ಅವನಿಗೆ ಇಷ್ಟವಾಗುತ್ತಿದ್ದುದು ಕಿವಿಗೆ ತಾಕುವ ಸದ್ದಲ್ಲ, ಎದೆಗೆ ತಾಕುವ ಸದ್ದು. ಕಾರಿನ ಬಾಗಿಲು ಹಾಕಿಕೊಂಡು ಹಾಡು ಹಚ್ಚಿದರೆ, ಸೀಟಿನ ಅಡಿಯಿಂದ ಬೇಸ್ ಎದ್ದು ಬಂದು ಬೆನ್ನುಮೂಳೆಯನ್ನು ಹಿಡಿದು ಅಲ್ಲಾಡಿಸಿದರೆ, ಆಗ ಅವನು ಯಾರ ಗಂಡನೂ ಅಲ್ಲ, ಯಾರ ಅಪ್ಪನೂ ಅಲ್ಲ, ಹಲ್ಲಿನವನೂ ಅಲ್ಲ. ಆ ಬೇಸ್ ಕೊಡುವ ಹಳೆಯ ಸ್ಪೀಕರು, ಸಬ್‌ವೂಫರ್, ಹೋದ ತಿಂಗಳು ಹರಿದುಹೋಗಿತ್ತು. ಹೊಸದನ್ನು ತಂದು ಮಂಚದ ಕೆಳಗೆ ಇಟ್ಟಿದ್ದ. ಇನ್ನು ಅದನ್ನು ಕೂರಿಸಲು ಪೆಟ್ಟಿಗೆ ಬೇಕು. ಪೆಟ್ಟಿಗೆ ಸರಿಯಿಲ್ಲದಿದ್ದರೆ ಎಂಥ ಸ್ಪೀಕರೂ ತಗಡೇ ಎಂದು ಅವನು ಮೊನ್ನೆ ಊಟದ ಹೊತ್ತಿನಲ್ಲಿ ಹೆಂಡತಿಗೆ ವಿವರಿಸಿದ್ದ. ಅವಳು ತಟ್ಟೆಯಿಂದ ತಲೆ ಎತ್ತಿ, “ಅದು ಡಿಕ್ಕೀಲಿ ಎಷ್ಟು ಜಾಗ ತಿನ್ನುತ್ತೆ?” ಎಂದು ಮಾತ್ರ ಕೇಳಿದ್ದಳು. ಅಪರೂಪಕ್ಕೆ ಅವಳಿಗೆ ತನ್ನ ಹುಚ್ಚಿನಲ್ಲಿ ಆಸಕ್ತಿ ಬಂತಲ್ಲ ಎಂದು ಅವನಿಗೆ ಹಿಗ್ಗಾಗಿತ್ತು.

ಪೆಟ್ಟಿಗೆ ಮಾಡುವ ಮೇಸ್ತ್ರಿಯ ಅಂಗಡಿ ಟೈರಿನ ಅಂಗಡಿಗಳ ಸಾಲಿನ ಕೊನೆಯಲ್ಲಿತ್ತು. ಮೇಸ್ತ್ರಿಗೆ ಅರುವತ್ತರ ಹತ್ತಿರ. ಹುಬ್ಬಿನ ಮೇಲೆಲ್ಲ ಮರದ ಪುಡಿ, ಬಾಯಲ್ಲಿ ಪೆನ್ಸಿಲು. ಒಂದೇ ತರದ ಸ್ಪೀಕರನ್ನು ಮೂರು ಪೆಟ್ಟಿಗೆಗಳಲ್ಲಿ ಕೂರಿಸಿ ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದರು. “ನಾನು ಹೇಳೋದಕ್ಕಿಂತ ನೀವೇ ಕೇಳಿಬಿಡಿ ಸರ್. ಹೆಣ್ಣು ನೋಡೋಕೆ ಬಂದವರ ಹತ್ತಿರ ಬ್ರೋಕರು ಜಾಸ್ತಿ ಮಾತಾಡಬಾರದು,” ಎಂದು ನಕ್ಕು ಮೊದಲನೆಯದರ ಬಟನ್ ಒತ್ತಿದರು. ಅದು ಮುಚ್ಚಿದ ಪೆಟ್ಟಿಗೆ. ಗಾಳಿ ಹೋಗಲು ಬರಲು ದಾರಿಯಿಲ್ಲ. ಡ್ರಮ್ಮಿನ ಏಟು ಬಂತು, ನಿಂತಿತು, ಹಿಂದೆ ಏನೂ ಉಳಿಯಲಿಲ್ಲ. “ಚಿಕ್ಕದು, ಮರ್ಯಾದಸ್ಥ. ಹೊಡೆದಷ್ಟೇ ಹೇಳುತ್ತೆ, ಒಂದು ಮಾತೂ ಹೆಚ್ಚಿಗೆ ಆಡಲ್ಲ. ಆದ್ರೆ ಕುಣಿಸಲ್ಲ,” ಎಂದರು ಮೇಸ್ತ್ರಿ. ಎರಡನೆಯದರ ಮುಖದಲ್ಲಿ ಕೈ ತೂರುವಷ್ಟು ದೊಡ್ಡ ತೂತಿತ್ತು. ಸ್ಪೀಕರಿನ ಬೆನ್ನ ಹಿಂದಿನ ಗಾಳಿಯೂ ಆ ತೂತಿನಿಂದ ನುಗ್ಗಿ ಮುಂದಿನದರ ಜೊತೆ ಸೇರಿಕೊಂಡು ಇಡೀ ಅಂಗಡಿ ತುಂಬಿತು. ಗೋಡೆಗೆ ನೇತುಹಾಕಿದ್ದ ಗರಗಸಗಳು ಗಿಲಿಗಿಲಿ ಎಂದವು. ಅವನ ಅಂಗಿಯ ತೋಳು ಅಲುಗಿತು. ಮೂರನೆಯದರಲ್ಲಿ ಸ್ಪೀಕರು ಒಳಗೇ ಅವಿತಿರುತ್ತದೆ, ಹೊರಗೆ ಕಾಣುವುದು ತೂತು ಮಾತ್ರ. “ಇದು ಒಂದೇ ಮಾತನ್ನ ಜೋರಾಗಿ ಹೇಳುತ್ತೆ, ಬೇರೆ ಏನೂ ಬರಲ್ಲ ಇದಕ್ಕೆ. ನಮ್ಮ ಷಡ್ಡಕನ ತರ,” ಎಂದರು. ಅವನು ನಗುತ್ತ ಎರಡನೆಯದರ ಮುಂದೆಯೇ ನಿಂತ. ತೂತಿನ ಮುಂದೆ ಅಂಗೈ ಹಿಡಿದರೆ ಗಾಳಿ ಉಸಿರಿನ ಹಾಗೆ ಬಂದು ಬಂದು ಬಡಿಯುತ್ತಿತ್ತು. “ಇದೇ ಇರಲಿ. ತೂತಿಂದು,” ಎಂದ. ಹನ್ನೊಂದು ದಿನದ ಚಿಂತೆ ಒಂದೇ ಗಳಿಗೆಯಲ್ಲಿ ಕಳೆದು ಮೈ ಹಗುರವಾಯಿತು.

“ಜಾಗ ಜಾಸ್ತಿ ಬೇಕು ಸರ್ ಇದಕ್ಕೆ. ಡಿಕ್ಕಿಯ ತಳದ ಹಲಗೆ ತೆಗೆದು, ಸ್ಟೆಪ್ನಿ ಪಕ್ಕದ ಹಳ್ಳಾನೂ ಸೇರಿಸಿ ಕಟ್ಟಿದ್ರೆ ಚೆನ್ನಾಗಿ ಬರುತ್ತೆ. ಆಮೇಲೆ ಡಿಕ್ಕೀಲಿ ಒಂದು ಛತ್ರಿ ಕೂಡ ಹಿಡಿಯಲ್ಲ, ಅದು ಮೊದಲೇ ಹೇಳಿಬಿಡ್ತೀನಿ. ಬನ್ನಿ, ಅಳತೆ ತಗೊಳ್ಳೋಣ.” ಅಳೆಯುವ ಮಾತು ಬಂದರೆ ಅವನಿಗೆ ಹುರುಪು. ತಾನೇ ಡಿಕ್ಕಿ ತೆರೆದು ಹಳೆಯ ಪೇಪರು, ಕುಡಿಯುವ ನೀರಿನ ಕ್ಯಾನು, ಮಗಳ ಒಂದು ಚಪ್ಪಲಿ ಎಲ್ಲವನ್ನೂ ಎತ್ತಿ ಪಕ್ಕಕ್ಕಿಟ್ಟ. ತಳದ ಹಲಗೆಯ ಕುಣಿಕೆ ಹಿಡಿದು ಎತ್ತಿದ. ಸ್ಟೆಪ್ನಿ ಚಕ್ರದ ಪಕ್ಕದಲ್ಲಿ, ಜಾಕ್ ಇರಬೇಕಾದ ಹಳ್ಳದಲ್ಲಿ, ಒಂದು ನೀಲಿ ಚೀಲ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು. ಧೂಳಿರಲಿಲ್ಲ. ಅವನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಸ್ಟೆಪ್ನಿಯ ಮೇಲೆ ಬೆರಳಿಟ್ಟರೆ ಗೆರೆ ಮೂಡುವಷ್ಟು ಧೂಳು, ಚೀಲದ ಮೇಲೆ ಒಂದು ಕಣವೂ ಇಲ್ಲ. “ಇದು ಬೇಕಾದ ಸಾಮಾನಾ ಸರ್, ಇಲ್ಲ ಬಿಸಾಕೋದಾ?” ಎಂದು ಮೇಸ್ತ್ರಿ ಟೇಪು ಎಳೆಯುತ್ತ ಕೇಳಿದರು. “ಹಳೇ ಬಟ್ಟೆ. ಯಾರಿಗಾದ್ರೂ ಕೊಡೋಣ ಅಂತ,” ಎಂದ. ಯಾಕೆ ಹಾಗೆಂದನೋ ಅವನಿಗೇ ಗೊತ್ತಾಗಲಿಲ್ಲ. ಸುಳ್ಳು ಅವನಿಗಿಂತ ಮೊದಲೇ ತಯಾರಾಗಿ ನಿಂತಿತ್ತು.

ಚೀಲವನ್ನು ಹಿಂದಿನ ಸೀಟಿಗೆ ಒಯ್ದು, ಬಾಗಿಲು ಹಾಕಿಕೊಂಡು, ಜಿಪ್ ಎಳೆದ. ಅರ್ಧದಲ್ಲಿ ಸಿಕ್ಕಿಕೊಂಡಿತು, ಹಿಂದೆ ಮುಂದೆ ಆಡಿಸಿ ತೆಗೆದ. ಮೇಲೆ ಹೆಂಡತಿಯ ಎರಡು ಜೊತೆ ಬಟ್ಟೆ, ಇಸ್ತ್ರಿ ಮಾಡಿ ಮಡಿಸಿದ್ದು. ಮಗಳ ಸ್ವೆಟರು, ಅವಳ ಈಗಿನ ಅಳತೆಯದು, ಅಂಗಡಿಯ ಚೀಟಿ ಇನ್ನೂ ಕಿತ್ತಿರಲಿಲ್ಲ. ಜ್ವರದ ಮಾತ್ರೆ, ಬಿಸ್ಕತ್ತಿನ ಪೊಟ್ಟಣ, ನೀರಿನ ಬಾಟಲಿ. ಪ್ಲಾಸ್ಟಿಕ್ ಕವರಿನಲ್ಲಿ ಅವಳ ಸರ್ಟಿಫಿಕೇಟುಗಳ ನಕಲು, ನಾಲ್ಕಾಗಿ ಮಡಿಸಿದ ನೋಟುಗಳು. ಒಂದು ಸಣ್ಣ ಬಟನ್ ಫೋನು. ಎಲ್ಲಕ್ಕಿಂತ ಕೆಳಗೆ ಇನ್ನೊಂದು ಸ್ವೆಟರು, ಈಗ ನೋಡಿದರೆ ಬೊಂಬೆಯದೆನ್ನಿಸುವಷ್ಟು ಚಿಕ್ಕದು, ಐದು ವರ್ಷದ ಮಗುವಿನದು. ಮಗಳಿಗೆ ಈಗ ಹನ್ನೊಂದು. ಮಗಳು ಬೆಳೆದ ಹಾಗೆ ಚೀಲವೂ ಬೆಳೆದಿದೆ ಎಂದು ಹೊಳೆದಾಗ ಅವನ ಕಿವಿಯೊಳಗೆ ಏನೋ ಗವ್ ಎಂದಿತು. ಅವಳು ಬಿಟ್ಟು ಹೋಗಲು ತಯಾರಾಗಿ ಕೂತಿದ್ದಾಳೆ. ಇಂದಲ್ಲ, ನಿನ್ನೆಯಲ್ಲ, ಆರು ವರ್ಷದಿಂದ. ತಾನು ದಿನಾ ಕೂತು ಓಡಿಸುವ ಕಾರಿನಲ್ಲಿ, ತನ್ನ ಬೆನ್ನಿನಿಂದ ನಾಲ್ಕು ಮೊಳ ಹಿಂದೆ. ಮಾತ್ರೆಯ ತಾರೀಖು ನೋಡಿದ. ಹೋದ ತಿಂಗಳು ತಯಾರಾದದ್ದು. ಫೋನಿನ ಬಟನ್ ಒತ್ತಿದ. ದೀಪ ಹೊತ್ತಿಕೊಂಡಿತು, ಚಾರ್ಜು ತುಂಬಿತ್ತು. ಯಾರೋ ಇದ್ದಾನೆ ಎಂಬ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೆ ಒಂದು ಬಗೆಯ ಸಮಾಧಾನವೇ ಆಯಿತು. ಯಾರೋ ಇದ್ದರೆ ತಪ್ಪು ಅವಳದು. ಹೋದ ಕರೆ, ಬಂದ ಕರೆ ನೋಡಿದ. ಒಂದೂ ಇರಲಿಲ್ಲ. ಹೆಸರುಗಳ ಪಟ್ಟಿ ತೆಗೆದ. ಅಕ್ಕ. ಟ್ಯಾಕ್ಸಿ. ಡಾಕ್ಟರು. ಸ್ಕೂಲು. ಮತ್ತೆ ಮೇಲಿನಿಂದ ಕೆಳಗೆ ನೋಡಿದ, ಅರ್ಧ ಮಿಲಿಯ ಕಣ್ಣಿನಿಂದ. ತನ್ನ ನಂಬರು ಅದರಲ್ಲಿ ಇರಲಿಲ್ಲ.

“ಸರ್, ಹುಷಾರಿದ್ದೀರಾ?” ಎಂದು ಮೇಸ್ತ್ರಿ ಗಾಜು ತಟ್ಟಿದರು. ಅವನು ಕೆಳಗಿಳಿದು, ಸಂಜೆ ಹೇಳುತ್ತೇನೆ, ಇನ್ನೊಮ್ಮೆ ಯೋಚಿಸಬೇಕು ಎಂದ. “ಈಗ ತಾನೆ ತೂತಿಂದು ಅಂದ್ರಲ್ಲ? ಆಯ್ತು ಬಿಡಿ, ನಾನೇ ಆರು ಗಂಟೆಗೆ ಫೋನ್ ಮಾಡ್ತೀನಿ. ಅಷ್ಟರಲ್ಲಿ ಹೇಳಿದ್ರೆ ನಾಳೆ ಹಲಗೆ ಕೊಯ್ಯೋಕೆ ಕೊಡಬಹುದು,” ಎಂದು ಅವರು ಅಳತೆಯನ್ನು ಗೋಡೆಯ ಮೇಲೇ ಬರೆದುಕೊಂಡರು. ಎಲ್ಲ ಸಾಮಾನನ್ನೂ ಮತ್ತೆ ತುಂಬುವಾಗ ಹಲಗೆಯನ್ನು ಹಾಕಿದ ಮೇಲೆ ನೋಡುತ್ತಾನೆ, ಚೀಲ ಹೊರಗೇ ಉಳಿದಿದೆ. ಅದನ್ನು ಹಲಗೆಯ ಮೇಲೆ ಇಟ್ಟು ಡಿಕ್ಕಿ ಮುಚ್ಚಿದ.

ಲ್ಯಾಬಿಗೆ ಹೋಗಲಿಲ್ಲ. ಕಾರು ತಾನಾಗಿ ಹೆಂಡತಿಯ ಆಫೀಸಿನ ಕಡೆ ತಿರುಗಿತು. ವಿದ್ಯುತ್ ಕಚೇರಿಯ ದೂರು ಕೇಳುವ ವಿಭಾಗದಲ್ಲಿ ಅವಳಿಗೆ ಹದಿಮೂರು ವರ್ಷದ ನೌಕರಿ. ಇಷ್ಟು ದಿನ ಅವನು ಗೇಟಿನ ತನಕ ಬಿಟ್ಟು ಹೋಗುತ್ತಿದ್ದನೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ. ಎರಡನೇ ಮಹಡಿಯ ಓಣಿಯಲ್ಲಿ ಉದ್ದದ ಗಾಜು. ಗಾಜಿನ ಆಚೆ ಹತ್ತು ಹನ್ನೆರಡು ಜನ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತಿದ್ದರು. ಅವಳು ಮೂರನೆಯ ಮೇಜಿನಲ್ಲಿದ್ದಳು. ಯಾರದೋ ಬೈಗುಳ ಕೇಳಿಸಿಕೊಳ್ಳುತ್ತಿದ್ದಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಕೇಳುತ್ತ ತಲೆಯಾಡಿಸಿ ಏನೋ ಬರೆದುಕೊಂಡಳು, ಏನೋ ಹೇಳಿದಳು, ಆಮೇಲೆ ನಕ್ಕಳು. ಆ ಕಡೆಯವರೂ ನಕ್ಕಿರಬೇಕು. ಅವಳು ಹಾಗೆ ನಕ್ಕದ್ದನ್ನು ಅವನು ನೋಡಿ ಯಾವ ಕಾಲವಾಯಿತೋ. ಬಾಗಿಲ ಬಳಿಯ ಜವಾನ ಎದ್ದು ಬಂದ. “ದೂರು ಕೊಡೋಕಾ? ಇಲ್ಲಿಗೆ ಬರೋ ಹಾಗಿಲ್ಲ ಸ್ವಾಮಿ. ಫೋನ್ ಮಾಡಬೇಕು.” ಅವನು, ಇಲ್ಲ, ಸುಮ್ಮನೆ, ಎಂದು ತೊದಲಿದ. “ಸುಮ್ಮನೆ ಅಂದ್ರೆ? ಒಳಗೆ ಯಾರು ಬೇಕು? ಏನಾಗಬೇಕು ಅವರು ನಿಮಗೆ?” ಗಂಡ ಎನ್ನುವ ಎರಡಕ್ಷರ ಬಾಯಿಂದ ಹೊರಡಲಿಲ್ಲ. ಜವಾನನ ಕಣ್ಣಿನಲ್ಲಿ ಅನುಮಾನ ಏಳುವ ಮೊದಲೇ ಅವನು ಮೆಟ್ಟಿಲಿಳಿದಿದ್ದ, ಕಳ್ಳನ ಹಾಗೆ ಕಂಬಿ ಹಿಡಿದುಕೊಂಡು.

ಕಾರಿನಲ್ಲಿ ಕೂತಾಗ ಹಾಡು ಹಾಕಲು ಕೈ ಹೋಗಿ ಹಿಂದೆ ಬಂತು. ಆರು ವರ್ಷ. ಆರು ವರ್ಷದ ಹಿಂದೆ ಏನಾಗಿತ್ತು ಎಂದು ಕೇಳಿಕೊಳ್ಳುವ ಅಗತ್ಯವೇ ಇರಲಿಲ್ಲ. ಅದು ಅವನ ಮನೆಮಾತಾದ ಕಥೆ, ನೆಂಟರಿಷ್ಟರು ಸೇರಿದಲ್ಲೆಲ್ಲ ಅವನಿಂದ ಹೇಳಿಸಿ ನಗುವ ಕಥೆ. ಹೆದ್ದಾರಿಯಲ್ಲಿ ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲಿಸಿದ್ದು, ಜ್ವರ ಬಂದ ಮಗಳನ್ನು ಎತ್ತಿಕೊಂಡು ಹೆಂಡತಿ ಹಿಂದಿನ ಸೀಟಿನಿಂದ ಇಳಿದು ಶೌಚಾಲಯಕ್ಕೆ ಹೋದದ್ದು, ಅವನು ಚಕ್ರಕ್ಕೆ ಗಾಳಿ ಹಾಕಿಸಿ ಬಂದು ಕೂತದ್ದು, ಪಕ್ಕದ ಕಾರಿನ ಬಾಗಿಲು ಧಡ್ ಎಂದದ್ದನ್ನು ತನ್ನದೇ ಎಂದುಕೊಂಡು ಹೊರಟೇಬಿಟ್ಟದ್ದು. “ಹಾಡು ಜೋರಾಗಿತ್ತು ನೋಡಿ. ನೀರು ಕೊಡೇ ಅಂದೆ, ಉತ್ತರ ಇಲ್ಲ. ಸಿಟ್ಟು ಮಾಡ್ಕೊಂಡಿದಾಳೆ, ಇರಲಿ ಅಂತ ಸುಮ್ಮನೆ ಓಡಿಸ್ದೆ. ಹದಿನಾಲ್ಕು ಕಿಲೋಮೀಟರ್! ಆಮೇಲೆ ತಿರುಗಿ ನೋಡ್ತೀನಿ, ಹೆಂಡ್ತಿ ಮಗಳು ಇಬ್ಬರೂ ಆವಿ!” ಆವಿ ಎನ್ನುವಾಗ ಎರಡೂ ಕೈಯನ್ನು ಮೇಲಕ್ಕೆ ಹಾರಿಸುತ್ತಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಗುತ್ತಿದ್ದಳೇ? ಈಗ, ಗೇಟಿನ ಹೊರಗೆ, ಎಂಜಿನ್ ಹಚ್ಚದೆ ಕೂತು, ಆ ಮನೆಗಳ ಸೋಫಾಗಳ ಮೇಲೆ ಅವಳ ಮುಖವನ್ನು ಹುಡುಕಿದ. ಕಂಡದ್ದು ಅವಳು ಎದ್ದು ಲೋಟಗಳನ್ನು ಒಳಗೊಯ್ಯುವ ಬೆನ್ನು.

ಮೂರೂವರೆಗೆ ಮಗಳ ಈಜಿನ ಕ್ಲಾಸು ಮುಗಿಯುತ್ತಿತ್ತು. ಒದ್ದೆ ತಲೆ, ಕೆಂಪು ಕಣ್ಣು, ಬೆನ್ನಿಗೆ ಚೀಲ. “ಅಪ್ಪ, ಡಿಕ್ಕಿ ತೆಗಿ,” ಎಂದು ಹಿಂದಕ್ಕೆ ಹೋದಳು. ಅವನು ಸೀಟಿನ ಪಕ್ಕದ ಕೊಂಡಿ ಎಳೆದ. ಡಿಕ್ಕಿ ಎದ್ದ ಸದ್ದಾಯಿತು, ಮುಚ್ಚಿದ ಸದ್ದಾಗಲಿಲ್ಲ. ಮಗಳು ಪಕ್ಕದ ಕಿಟಕಿಗೆ ಬಂದು, “ಅಮ್ಮನ ಚೀಲ ಯಾಕೆ ಮೇಲೆ ಬಂದಿದೆ?” ಎಂದಳು.

ಅವನು ಕೊಂಡಿಯಿಂದ ಕೈ ತೆಗೆದ. “ಯಾವ ಚೀಲ?”

“ನೀಲೀದು. ಅದು ಕೆಳಗಡೆ ತಾನೆ ಇರಬೇಕು?”

“ನಿಂಗೆ ಹೇಗೆ ಗೊತ್ತು ಪುಟ್ಟಿ?”

“ಹೇಗೆ ಅಂದ್ರೆ? ನಾವು ದೂರ ಹೋದಾಗೆಲ್ಲ, ಕಾರು ನಿಲ್ಲಿಸಿದ್ರೆ ಅಮ್ಮ ಅದನ್ನ ತಗೊಂಡೇ ಅಲ್ವಾ ಇಳಿಯೋದು? ಫೋನ್ ಚಾರ್ಜ್ ಮಾಡೋದು ನನ್ನ ಕೆಲಸ. ಭಾನುವಾರ ಭಾನುವಾರ.” ಅವಳು ಡಿಕ್ಕಿ ಮುಚ್ಚಿ, ಮುಂದಿನ ಸೀಟಿಗೆ ಬಂದು ಬೆಲ್ಟು ಹಾಕಿಕೊಂಡಳು. ಶಾಲೆಯ ಟೈಮ್‌ಟೇಬಲ್ ಹೇಳುವ ದನಿ.

“ಯಾಕೆ ತಗೊಂಡು ಇಳಿಯೋದು?”

ಮಗಳು ಅವನ ಕಡೆ ತಿರುಗಿದಳು. ಇದೆಂಥ ಪೆದ್ದು ಪ್ರಶ್ನೆ ಎನ್ನುವ ಹಾಗೆ. “ನೀನು ಹೊರಟುಹೋದ್ರೆ ಅಂತ.”

ರಸ್ತೆಯಲ್ಲಿ ಯಾರೋ ಹಾರ್ನ್ ಹೊಡೆದರು. ಅವನು ಗೇರು ಹಾಕಿದ, ಕಾರು ನಾಲ್ಕು ಹೆಜ್ಜೆ ಹೋಗಿ ಕೊಸರಿ ನಿಂತಿತು. ಇಪ್ಪತ್ತು ವರ್ಷದಲ್ಲಿ ಅವನ ಕೈಯಲ್ಲಿ ಕಾರು ಹಾಗೆ ನಿಂತದ್ದಿಲ್ಲ. ಅವಳು ಬಿಟ್ಟು ಹೋಗಲು ಅಲ್ಲ. ಅವನು ಬಿಟ್ಟು ಹೋದರೆ. ಬೆಳಗಿನಿಂದ ಹೊತ್ತುಕೊಂಡು ತಿರುಗಿದ ಅನುಮಾನ ಕಳಚಿ ಬಿತ್ತು, ಅದು ಬಿದ್ದ ಜಾಗದಲ್ಲಿ ನಿಲ್ಲಲು ನೆಲವೇ ಇರಲಿಲ್ಲ. ಡಿಕ್ಕಿ ತೆಗೀರಿ. ಬೆಟ್ಟದ ತಿರುವಿನಲ್ಲಿ, ಸೇತುವೆಯ ಪಕ್ಕದ ಹೋಟೆಲಿನ ಮುಂದೆ, ಟೋಲ್ ಗೇಟಿನ ಹತ್ತಿರ, ಎಲ್ಲ ಕಡೆ ಅವಳು ಹೇಳುತ್ತಿದ್ದ ಮಾತು ಅದೊಂದೇ. ಅವನು ಹಾಡು ನಿಲ್ಲಿಸದೆ, ತಿರುಗದೆ, ಕೊಂಡಿ ಎಳೆಯುತ್ತಿದ್ದ. ತಿಂಡಿ ತೆಗೆಯುತ್ತಾಳೆ, ಕೊಡೆ ತೆಗೆಯುತ್ತಾಳೆ ಎಂದುಕೊಂಡಿದ್ದನೇ? ಅಷ್ಟೂ ಅಂದುಕೊಂಡಿರಲಿಲ್ಲ. ಮನೆಯ ಗೋಡೆಯಲ್ಲಿ ತೂಗುಹಾಕಿದ ಪ್ರವಾಸದ ಫೋಟೋಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಜಲಪಾತದ ಎದುರು, ಕೋಟೆಯ ಮೆಟ್ಟಿಲ ಮೇಲೆ, ಸಮುದ್ರದ ದಂಡೆಯಲ್ಲಿ, ಪ್ರತಿಯೊಂದರಲ್ಲೂ ಅವಳ ಹೆಗಲಿಗೆ ಆ ನೀಲಿ ಚೀಲ. ಫೋಟೋ ತೆಗೆದವನು ಅವನೇ. ಬೆಳಕು ಸರಿಯಿಲ್ಲ, ಒಂದು ಹೆಜ್ಜೆ ಎಡಕ್ಕೆ ಬಾ, ಎಂದು ಗದರಿಸಿ ನಿಲ್ಲಿಸಿ ತೆಗೆದವನು.

“ಅಪ್ಪ, ಹಾಡು ಹಾಕಲ್ವಾ?” ಎಂದಳು ಮಗಳು. ಬೇಡ ಎಂದ. “ಹಳೇದು ಹರಿದುಹೋದ ಮೇಲೆ ಅಮ್ಮ ಕಾರಲ್ಲಿ ಎಷ್ಟು ಮಾತಾಡ್ತಾಳೆ ಗೊತ್ತಾ,” ಎಂದು ಅವಳು ಕಿಟಕಿಯ ಗಾಜಿಗೆ ಹಣೆ ಆನಿಸಿದಳು. ಅವನು ಕನ್ನಡಿ ನೋಡಿದ. ಕನ್ನಡಿಯಲ್ಲಿ ಹಿಂದಿನ ಸೀಟು ಖಾಲಿಯಾಗಿತ್ತು, ಮತ್ತು ಆ ಖಾಲಿ ಸೀಟನ್ನು ಅವನು ಮೊದಲೇ ನೋಡಿದ್ದ. ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ಅಲ್ಲ. ನಾಲ್ಕನೆಯದರಲ್ಲಿ. ಲಾರಿಯೊಂದನ್ನು ಹಿಂದೆ ಹಾಕುವಾಗ ಕನ್ನಡಿ ನೋಡಿದ್ದ, ಸೀಟಿನ ಮೇಲೆ ಮಗಳ ಹೊದಿಕೆ ಮಾತ್ರ ಬಿದ್ದಿತ್ತು. ಎದೆ ಧಸಕ್ಕೆಂದದ್ದು ನಿಜ. ಆದರೆ ಅದಾದ ಮೇಲೆ ಬಂದದ್ದು? ಅದಕ್ಕೂ ಮೊದಲು ಮೂರು ಗಂಟೆಯ ಕಾಲ ಮಗು ಒಂದೇ ಸಮನೆ ಅತ್ತಿತ್ತು. ಸ್ವಲ್ಪ ಸೌಂಡ್ ಕಡಿಮೆ ಮಾಡ್ರೀ ಎಂದು ಅವಳು, ಅಳು ಕೇಳದಿರಲೆಂದೇ ಹಾಕಿದ್ದು ಎಂದು ಇವನು. ಆ ಜಗಳ ಇದ್ದಕ್ಕಿದ್ದಂತೆ ಇಲ್ಲವಾಗಿತ್ತು. ನುಣ್ಣನೆಯ ರಸ್ತೆ, ಎದೆ ತುಂಬ ಬೇಸ್, ಕಾರಿನಲ್ಲಿ ಅವನೊಬ್ಬನೇ. ಆರನೆಯ ಕಿಲೋಮೀಟರಿನಲ್ಲಿ ತಿರುಗಲು ಜಾಗವಿತ್ತು. ಹಳದಿ ಬಣ್ಣ ಬಳಿದ ಕಲ್ಲುಗಳು. ಈ ಹಾಡು ಮುಗಿಯಲಿ ಎಂದುಕೊಂಡು ಅದನ್ನು ದಾಟಿದ್ದ. ಮುಗಿದ ಮೇಲೆ ಇನ್ನೊಂದು ಹಾಡು. ಬಿಟ್ಟು ಹೋಗುತ್ತೇನೆ ಎಂದು ಅವನು ಎಣಿಸಿರಲಿಲ್ಲ, ಆಣೆ ಮಾಡಿ ಹೇಳಬಲ್ಲ; ತಿರುಗಿರಲಿಲ್ಲ, ಅಷ್ಟೇ. ಈ ಹತ್ತು ಕಿಲೋಮೀಟರನ್ನು ಅವನು ಕಥೆಯಿಂದ ಎಷ್ಟು ನಯವಾಗಿ ಉಜ್ಜಿ ತೆಗೆದಿದ್ದನೆಂದರೆ, ಹೇಳಿ ಹೇಳಿ, ಅವನಿಗೂ ಅದರ ಅಂಚು ತಾಕುತ್ತಿರಲಿಲ್ಲ.

ಐದೂವರೆಗೆ ಹೆಂಡತಿ ಬಂದಳು. ಮಗಳು ಪಕ್ಕದ ಮನೆಗೆ ಆಡಲು ಹೋಗಿದ್ದಳು. ಅವನು ನೀಲಿ ಚೀಲವನ್ನು ಊಟದ ಮೇಜಿನ ಮೇಲಿಟ್ಟು ಎದುರು ಕೂತಿದ್ದ. ಇದನ್ನು ನೋಡಿ ಅವಳು ಬಿಳಿಚಿಕೊಳ್ಳುತ್ತಾಳೆ, ಅಳುತ್ತಾಳೆ, ಕೂಗಾಡುತ್ತಾಳೆ ಎಂದೆಲ್ಲ ಊಹಿಸಿ ಪ್ರತಿಯೊಂದಕ್ಕೂ ಒಂದೊಂದು ಉತ್ತರ ಜೋಡಿಸಿಟ್ಟುಕೊಂಡಿದ್ದ. ಅವಳು ಚಪ್ಪಲಿ ಬಿಟ್ಟು, ಕೈ ತೊಳೆದು ಬಂದು, ಚೀಲವನ್ನು ನೋಡಿ, “ಜಿಪ್ ಹಾಳು ಮಾಡಿಲ್ಲ ತಾನೆ? ಅದು ಒಂದು ಕಡೆ ಸಿಕ್ಕಿಕೊಳ್ಳುತ್ತೆ,” ಎಂದಳು. ಜಿಪ್ಪನ್ನು ಎರಡು ಸಲ ಎಳೆದು ನೋಡಿದಳು. ಸರಿಯಿತ್ತು. ಒಳಗಿನ ಬಟ್ಟೆ ಮುದುಡಿತ್ತು; ತೆಗೆದು ಮತ್ತೆ ಮಡಿಸತೊಡಗಿದಳು.

“ಇದೆಲ್ಲ ಬೇಕಿತ್ತಾ?” ಎಂದ. ಬೇರೆ ಏನೋ ಹೇಳಬೇಕೆಂದಿದ್ದ. “ಒಂದು ಸಲ ಆದ ತಪ್ಪು. ಅದಕ್ಕೆ ಆರು ವರ್ಷ… ಮಗಳ ಮುಂದೆ ನಾನು ಏನಾದೆ?”

“ಅವಳಿಗೆ ನಾನು ಏನೂ ಹೇಳಿಕೊಟ್ಟಿಲ್ಲ ರೀ. ಅವಳೂ ಅಲ್ಲೇ ಇದ್ದಳಲ್ಲ.”

“ನನ್ನ ನಂಬರ್ ಕೂಡ ಇಟ್ಟಿಲ್ಲ ನೀನು ಆ ಫೋನಲ್ಲಿ.”

ಅವಳು ಚಿಕ್ಕ ಸ್ವೆಟರನ್ನು ಅಂಗೈಯಲ್ಲಿ ನೇವರಿಸಿ ತಳದಲ್ಲಿಟ್ಟಳು. ಆ ದಿನ ಮಗು ಬಂಕಿನ ಸಿಮೆಂಟ್ ಕಟ್ಟೆಯ ಮೇಲೆ ಚಳಿಯಲ್ಲಿ ನಡುಗುತ್ತಿತ್ತು ಎಂದು ಅವನಿಗೆ ಗೊತ್ತಿತ್ತು. ಅವನು ವಾಪಸು ಬಂದಾಗ ಬಂಕಿನವನ ಖಾಕಿ ಅಂಗಿ ಅದರ ಮೈಮೇಲಿತ್ತು. ಆ ಅಂಗಿಯನ್ನೂ ಅವನು ತಮಾಷೆಯಲ್ಲಿ ಸೇರಿಸಿಕೊಂಡಿದ್ದ. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನ್ನಿಸಿತು. ಮೇಜಿನ ಅಂಚು ಹಿಡಿದುಕೊಂಡ. “ನಿಂಗೊಂದು ವಿಷಯ ಹೇಳಬೇಕು. ಹದಿನಾಲ್ಕು ಅಲ್ಲ. ನಂಗೆ ನಾಲ್ಕು ಕಿಲೋಮೀಟರಿಗೇ ಗೊತ್ತಾಯ್ತು. ಕನ್ನಡೀಲಿ ನೋಡ್ದೆ. ಆಮೇಲೆ… ತಿರುಗಿಸೋಕೆ ಜಾಗ ಸಿಗಲಿಲ್ಲ.” ಕೊನೆಯ ಸುಳ್ಳನ್ನೂ ತಡೆಯಲಾಗಲಿಲ್ಲ ಅವನಿಗೆ, ನಿಜದ ಬಾಲ ಹಿಡಿದುಕೊಂಡೇ ಹೊರಬಂತು.

ಅವಳು ಕೈ ನಿಲ್ಲಿಸಿದಳು. ಅವನ ಮುಖವನ್ನು ನೋಡಿದಳು, ಸಿಟ್ಟಿನಿಂದಲ್ಲ; ಬೆಳಿಗ್ಗೆ ಗಾಜಿನ ಆಚೆ ಯಾರದೋ ದೂರು ಕೇಳುತ್ತಿದ್ದಾಗ ಇದ್ದ ಮುಖವೇ ಅದು.

“ನನ್ನ ಫೋನು ಕಾರಲ್ಲೇ ಉಳಿದಿತ್ತಲ್ಲ, ಬಂಕಿನವರ ಫೋನಿಂದ ನಿಮಗೆ ಮೂರು ಸಲ ಫೋನ್ ಮಾಡ್ದೆ,” ಎಂದಳು.

“ಕೇಳಿಸಲಿಲ್ಲ. ಹಾಡು ಜೋರಾಗಿತ್ತು ಅಂತ ಅವತ್ತೇ ಹೇಳಿದ್ದೆನಲ್ಲ.”

“ಮೊದಲನೇದು ಪೂರ್ತಿ ಹೊಡೆದು ನಿಂತಿತು. ಎರಡನೇದೂ ಪೂರ್ತಿ ಹೊಡೀತು. ಮೂರನೇದು ಎರಡು ರಿಂಗಿಗೆ ಕಟ್ ಆಯ್ತು.” ಅವಳು ಮಾತ್ರೆಯ ಪಟ್ಟಿಯನ್ನು ಚೀಲದ ಪಕ್ಕದ ಜೇಬಿಗೆ ತೂರಿಸಿದಳು. “ದಿನಾ ಇನ್ನೂರು ಫೋನ್ ನೋಡ್ತೀನಿ ರೀ ನಾನು. ಕೇಳಿಸದೇ ಇರೋ ಫೋನು ತಾನಾಗೇ ನಿಲ್ಲೋದು ಬೇರೆ ತರ. ಬೆರಳು ಇಟ್ಟು ನಿಲ್ಲಿಸೋದು ಬೇರೆ ತರ.”

ಅವನ ಬಲಗೈಯ ಹೆಬ್ಬೆರಳು ಮೇಜಿನ ಮೇಲೆ ತಾನಾಗಿ ಅಲುಗಿತು. ಅವನಿಗೆ ನೆನಪಾದದ್ದಲ್ಲ, ಬೆರಳಿಗೆ ನೆನಪಾಯಿತು. ಪಕ್ಕದ ಸೀಟಿನಲ್ಲಿ ಹೊಳೆದ ಫೋನು; ಗುರುತಿಲ್ಲದ ನಂಬರು; ಮೂರನೆಯ ಸಲ ಬಂದದ್ದು, ಹಾಡು ಎತ್ತರಕ್ಕೇರುವ ಜಾಗದಲ್ಲೇ; ಅದು ಯಾರ ಕರೆ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು, ಗೊತ್ತಿದ್ದೇ ಹೆಬ್ಬೆರಳಿಟ್ಟಿದ್ದ. ಹತ್ತು ಕಿಲೋಮೀಟರನ್ನಾದರೂ ಅವನು ಒಂದು ಮೂಲೆಯಲ್ಲಿ ಇಟ್ಟುಕೊಂಡಿದ್ದ. ಇದನ್ನು ಎಲ್ಲಿಯೂ ಇಟ್ಟುಕೊಂಡಿರಲಿಲ್ಲ. ಇವಳು ಇದನ್ನು ಗೊತ್ತಿಟ್ಟುಕೊಂಡೇ ಆರು ವರ್ಷ ತನ್ನ ಪಕ್ಕದಲ್ಲಿ ಮಲಗಿದ್ದಾಳೆ, ತನ್ನ ಅಂಗಿಗೆ ಗುಂಡಿ ಹಾಕಿದ್ದಾಳೆ, ಆ ಕಥೆಗೆ ನೆಂಟರು ನಗುವಾಗ ಲೋಟ ಎತ್ತಿಕೊಂಡು ಎದ್ದಿದ್ದಾಳೆ. ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್ ಎನ್ನುವುದು ಕೇಳಿಸಿತು. ಇಷ್ಟು ದಿನ ಆ ಸದ್ದು ಈ ಮನೆಯಲ್ಲಿ ಇತ್ತೇ?

“ಯಾಕೆ ಕೇಳಲಿಲ್ಲ ನನ್ನ?” ಎಂದ ಕೊನೆಗೆ. ಅದು ಅವನ ದನಿಯಂತೆ ಇರಲಿಲ್ಲ.

“ಕೇಳಬೇಕು ಅಂತ ಎರಡು ಸಲ ಶುರು ಮಾಡಿದ್ದೆ. ಕಾರಲ್ಲೇ. ಮನೇಲಿ ಮಗು ಇರ್ತಿತ್ತು, ಅದಕ್ಕೆ.” ಅವಳು ಜಿಪ್ ಎಳೆದಳು. “ನೀವು ಸೌಂಡ್ ಜಾಸ್ತಿ ಮಾಡಿದ್ರಿ.”

ಅವನು ಎದ್ದು ಅವಳ ಕೈ ಹಿಡಿಯಲು ಹೋದ. ಅವಳು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಅವನ ಕೈಯಲ್ಲಿ ಒಂದು ಕೈ ಇತ್ತು, ಅಷ್ಟೇ. “ಇನ್ನು ಇದು ಬೇಡ. ಬಿಚ್ಚಿ ಬೀರುವಿನಲ್ಲಿ ಇಡೋಣ. ಬೇಡ ಕಣೇ,” ಎಂದ. ಎರಡು ಸಲ ಎಂದ. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಫೋನು ಹೊಡೆದುಕೊಳ್ಳತೊಡಗಿತು. ಪೆಟ್ಟಿಗೆಯ ಮೇಸ್ತ್ರಿ. ಆರು ಗಂಟೆ. ಫೋನು ನಡುಗುತ್ತ ಮೇಜಿನ ಮೇಲೆ ಅಂಗುಲ ಅಂಗುಲವಾಗಿ ಸರಿಯುತ್ತಿತ್ತು. ಇಬ್ಬರೂ ಅದನ್ನೇ ನೋಡಿದರು. ಅವನ ಹೆಬ್ಬೆರಳು ಎಲ್ಲಿಗೂ ಹೋಗಲಾರದೆ ಗಾಳಿಯಲ್ಲಿ ನಿಂತಿತು.

“ತಗೊಳ್ಳಿ,” ಎಂದಳು ಅವಳು.

ತೆಗೆದುಕೊಂಡ. “ಸರ್, ಏನು ತೀರ್ಮಾನ ಮಾಡಿದ್ರಿ? ಮುಚ್ಚಿದ್ದಾ, ತೂತಿಂದಾ? ಹಲಗೆಯವನು ಕಾಯ್ತಾ ಇದಾನೆ,” ಮೇಸ್ತ್ರಿಯ ದನಿ ಕೋಣೆಗೆಲ್ಲ ಕೇಳುವಷ್ಟು ಗಟ್ಟಿಯಾಗಿತ್ತು. ಅವನು, ಏನೂ ಬೇಡ, ಯಾವುದೂ ಬೇಡ, ಎನ್ನಲು ಬಾಯಿ ತೆರೆದು ಅವಳನ್ನು ನೋಡಿದ, ಹಾಗೆ ಹೇಳುವುದನ್ನು ಅವಳು ನೋಡಲಿ ಎಂದು. ಅವಳು ಅಡ್ಡಡ್ಡ ತಲೆಯಾಡಿಸಿದಳು. “ಹಾಕಿಸಿಕೊಳ್ಳಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಚೀಲಕ್ಕೆ ಜಾಗ ಬಿಡೋಕೆ ಹೇಳಿ,” ಎಂದಳು, ತರಕಾರಿ ತರುವಾಗ ಇದೊಂದು ಮರೀಬೇಡಿ ಎನ್ನುವ ಹಾಗೆ. ಹೇಳಿ, ಒಗೆದ ಬಟ್ಟೆ ತರಲು ಮಹಡಿಯ ಮೆಟ್ಟಿಲು ಹತ್ತಿದಳು.

“ಸರ್? ಇದ್ದೀರಾ? ಲೈನ್ ಕಟ್ ಆಯ್ತಾ?”

“ಇದ್ದೀನಿ,” ಎಂದ ಅವನು. “ಮುಚ್ಚಿದ್ದು. ಚಿಕ್ಕದು. ತಳದ ಹಲಗೆ ಮುಟ್ಟಬೇಡಿ. ಸ್ಟೆಪ್ನಿ ಪಕ್ಕದ ಜಾಗ ಹಾಗೇ ಇರಲಿ.”

“ಆ ಹಳ್ಳದಲ್ಲಿ ಏನಿದೆ ಸರ್ ನಿಮ್ಮದು? ಬೆಳಿಗ್ಗೆ ಒಂದು ಚೀಲ ಇತ್ತು, ಅದು ಯಾರಿಗೋ ಕೊಡೋದು ಅಂದ್ರಲ್ಲ?”

ಮೇಲೆ ಮಹಡಿಯಲ್ಲಿ ಅವಳು ಬಟ್ಟೆ ಕೊಡವುವ ಸದ್ದು ಬಂತು, ಒಂದಾದ ಮೇಲೆ ಒಂದು. ಅವನು ಕೇಳಿಸಿಕೊಂಡ.

“ಕೊಡೋದಲ್ಲ,” ಎಂದ. “ಅದು ನನ್ನ ಹೆಂಡತೀದು. ಅಲ್ಲೇ ಇರುತ್ತೆ.”